ಯೂಸರ್ ಸ್ಟೋರಿ

ತಂತ್ರಾಂಶವೊಂದು ಯಾರಿಗೆ, ಯಾವ ಕೆಲಸಕ್ಕೆ, ಏತಕ್ಕಾಗಿ ಬೇಕು ಎಂಬುದನ್ನು ಬಳಸುವವರ ಮಾತಿನಲ್ಲೇ ಒಂದೆರಡು ಸಾಲಿನಲ್ಲಿ ಬರೆದಿಡುವ ಪದ್ಧತಿಗೆ ಯೂಸರ್ ಸ್ಟೋರಿ ಎಂದು ಹೆಸರು. ಮುಂದಿನ ಒಂದೆರಡು ವಾರ ಏನು ಕಟ್ಟಬೇಕು, ಯಾವುದನ್ನು ಮುಂದಕ್ಕೆ ಹಾಕಬೇಕು ಎಂದು ಅಜೈಲ್ ತಂಡಗಳು, ಅಂದರೆ ತಂತ್ರಾಂಶವನ್ನು ಸಣ್ಣ ಸಣ್ಣ ಹಂತಗಳಲ್ಲಿ ಕಟ್ಟುವ ತಂಡಗಳು, ತೀರ್ಮಾನಿಸುವುದು ಸಾಮಾನ್ಯವಾಗಿ ಇಂಥ ಸ್ಟೋರಿಗಳ ಆಧಾರದ ಮೇಲೆಯೇ. 1990ರ ದಶಕದ ನಡುವಿನಲ್ಲಿ ಅಮೆರಿಕದಲ್ಲಿ ರೂಪುಗೊಂಡ ಈ ಪದ್ಧತಿ ಇಂದು ಬೆಂಗಳೂರಿನಂತೆಯೇ ಅಹಮದಾಬಾದ್, ವಡೋದರಾ, ಸೂರತ್‌ಗಳ ಸಾಫ್ಟ್‌ವೇರ್ ಕಚೇರಿಗಳಲ್ಲೂ ದಿನನಿತ್ಯದ ಮಾತು.

ಯೂಸರ್ ಸ್ಟೋರಿ ಬರುವ ಮುಂಚೆ ಬೇಕು-ಬೇಡಗಳನ್ನೆಲ್ಲ ಕೆಲಸಕ್ಕೆ ಮೊದಲೇ ದಪ್ಪ ದಸ್ತಾವೇಜಿನಲ್ಲಿ ಬರೆದು, ಸಹಿ ಹಾಕಿಸಿಕೊಳ್ಳುವ ರೂಢಿಯಿತ್ತು. ಅಂಥ ದಸ್ತಾವೇಜು ಹೇಗಿರಬೇಕೆಂದು ಐಇಇಇ 830 ಎಂಬ ಮಾನದಂಡವೇ ಇತ್ತು. ಅದರಲ್ಲಿ ಯಂತ್ರ ಏನು ಮಾಡತಕ್ಕದ್ದು ಎಂಬ ವಾಕ್ಯಗಳೇ ಹೆಚ್ಚು. ಬಳಸುವ ಮನುಷ್ಯ ಮರೆಯಲ್ಲಿ ಉಳಿಯುತ್ತಿದ್ದ. ಸ್ವೀಡನ್ನಿನ ಇವಾರ್ ಜೇಕಬ್‌ಸನ್ 1980ರ ದಶಕದಲ್ಲಿ ರೂಪಿಸಿದ, ಬಳಸುವವನು ಯಂತ್ರದೊಂದಿಗೆ ನಡೆಸುವ ವ್ಯವಹಾರವನ್ನು ಹೆಜ್ಜೆಹೆಜ್ಜೆಯಾಗಿ ಬರೆಯುವ ಯೂಸ್ ಕೇಸ್ ಅವನನ್ನು ಮುಂದಕ್ಕೆ ತಂದಿತು, ಆದರೆ ಅದೂ ಬಹುಮಟ್ಟಿಗೆ ಬರಹದ ಕೆಲಸವೇ.

ಬಳಸುವವರಿಂದ ಶುರುಮಾಡುವ ಯೋಚನೆ ಗುಜರಾತಿಗೆ ಹೊಸದಲ್ಲ. ಭಾರತ ಸರ್ಕಾರದ ಆಹ್ವಾನದ ಮೇಲೆ ಬಂದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ 1958ರಲ್ಲಿ ಸಲ್ಲಿಸಿದ ‘ಇಂಡಿಯಾ ರಿಪೋರ್ಟ್’ ವರದಿಯಲ್ಲಿ ಮನೆಮನೆಯ ತಂಬಿಗೆಯನ್ನು ಮುಂದಿಟ್ಟುಕೊಂಡು ಪ್ರಶ್ನೆಗಳ ಸರಮಾಲೆಯನ್ನೇ ಕೇಳಿದ್ದರು: ಎಷ್ಟು ನೀರು ಹಿಡಿಯಬೇಕು, ಹೊರುವುದು ತಲೆಯ ಮೇಲೋ ಸೊಂಟದ ಮೇಲೋ, ಎತ್ತುವ ಕೈ ಎಂಥದ್ದು, ಬಗ್ಗಿಸಿದಾಗ ನೀರು ಹೇಗೆ ಬೀಳಬೇಕು. 1961ರಲ್ಲಿ ಅಹಮದಾಬಾದಿನಲ್ಲಿ ಹುಟ್ಟಿದ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಅಡಿಪಾಯ ಈ ವರದಿ. ಅದಕ್ಕೂ ಯೂಸರ್ ಸ್ಟೋರಿಗೂ ನೇರ ನಂಟಿಲ್ಲ. ಕೇಳುವ ರೀತಿ ಮಾತ್ರ ಒಂದೇ.

ಯೂಸರ್ ಸ್ಟೋರಿ ಪದ್ಧತಿ ಗಟ್ಟಿಯಾದದ್ದು ಕ್ರೈಸ್ಲರ್ ಕಾರು ಕಂಪನಿಯ ಸಂಬಳದ ಲೆಕ್ಕದ ಯೋಜನೆಯಲ್ಲಿ. ಸಿ3 ಎಂದು ಕರೆಯುತ್ತಿದ್ದ ಆ ಯೋಜನೆಯ ಹೊಣೆ 1996ರಲ್ಲಿ ಕೆಂಟ್ ಬೆಕ್ ಕೈಗೆ ಬಂತು. ಅಲ್ಲಿನ ಕ್ರಮ ಇದು: ಸಂಬಳದ ನಿಯಮ ಬಲ್ಲವರು ತಂಡದ ಜೊತೆಯಲ್ಲೇ ಕೂತು ಅಗತ್ಯಗಳನ್ನು ಹೇಳಬೇಕು, ಒಂದೊಂದೂ ಸಣ್ಣ ರಟ್ಟಿನ ಕಾರ್ಡಿಗೆ ಇಳಿಯಬೇಕು, ತಂಡ ಅದಕ್ಕೆಷ್ಟು ಹೊತ್ತು ಹಿಡಿಯುತ್ತದೆಂದು ಅಂದಾಜಿಸಬೇಕು. ಕಾರ್ಡು ಚಿಕ್ಕದಾಗಿದ್ದುದು ಬೇಕೆಂತಲೇ: ಜಾಗ ಸಾಲದೆ ಬಿಟ್ಟುಹೋದದ್ದನ್ನು ಬಾಯಿಬಿಟ್ಟು ಕೇಳಲೇಬೇಕು. 1997ರಲ್ಲಿ ಸುಮಾರು 10,000 ನೌಕರರ ಸಂಬಳ ಹೀಗೆ ಕಟ್ಟಿದ ತಂತ್ರಾಂಶದಲ್ಲೇ ಆಯಿತು. 2000ದಲ್ಲಿ ಯೋಜನೆಯನ್ನೇ ನಿಲ್ಲಿಸಲಾಯಿತು. ಯೋಜನೆ ನಿಂತರೂ ಅಲ್ಲಿ ಪಳಗಿದ ಪದ್ಧತಿ ಬೆಕ್‌ರ 1999ರ ‘ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್ ಎಕ್ಸ್‌ಪ್ಲೇನ್ಡ್’ ಪುಸ್ತಕದ ಮೂಲಕ ಜಗತ್ತಿಗೆ ಹರಡಿತು.

2001ರಲ್ಲಿ ಮೂರು ಸಂಗತಿ ನಡೆದವು. ಫೆಬ್ರವರಿಯಲ್ಲಿ ಯೂಟಾದ ಸ್ನೋಬರ್ಡ್‌ನಲ್ಲಿ 17 ಜನ ಸೇರಿ ಅಜೈಲ್ ಪ್ರಣಾಳಿಕೆ ಹೊರಡಿಸಿದರು. ಸಿ3 ತಂಡದಲ್ಲಿದ್ದ ರಾನ್ ಜೆಫ್ರೀಸ್, ಸ್ಟೋರಿಗೆ ಕಾರ್ಡು, ಮಾತುಕತೆ, ಖಾತರಿ ಎಂಬ ಮೂರು ಅಂಗಗಳಿವೆ ಎಂದು ಬರೆದರು. ಲಂಡನ್ನಿನ ಕನೆಕ್ಸ್‌ಟ್ರಾ ಕಂಪನಿಯ ತಂಡ ‘ಇಂಥವನಾಗಿ ನನಗೆ ಇಂಥದ್ದು ಬೇಕು, ಇಂಥ ಪ್ರಯೋಜನಕ್ಕಾಗಿ’ ಎಂಬ ಅಚ್ಚು ಹುಟ್ಟುಹಾಕಿತು. ಒಳ್ಳೆಯ ಸ್ಟೋರಿಯ ಆರು ಗುಣಗಳನ್ನು 2003ರಲ್ಲಿ ಬಿಲ್ ವೇಕ್ ಪಟ್ಟಿಮಾಡಿದರು. ಮೈಕ್ ಕೋನ್‌ರ ಯೂಸರ್ ಸ್ಟೋರಿ ಕುರಿತ ಪುಸ್ತಕ 2004ರಲ್ಲಿ, ಜೆಫ್ ಪ್ಯಾಟನ್‌ರ ಸ್ಟೋರಿ ಮ್ಯಾಪಿಂಗ್ ಪುಸ್ತಕ 2014ರಲ್ಲಿ ಬಂದವು.

ಕನೆಕ್ಸ್‌ಟ್ರಾದ ಈ ಅಚ್ಚು ನಿಜವಾಗಿ ಏನು ಮಾಡುತ್ತದೆಂದು ತಿಳಿಯಲು ಗುಜರಾತಿನದೇ ಒಂದು ಕೆಲಸ ನೋಡಬಹುದು. ವಡೋದರಾ–ಅಹಮದಾಬಾದ್ ರೈಲುಮಾರ್ಗದಲ್ಲಿರುವ ಆಣಂದದ ಸುತ್ತಿನ ಹಾಲಿನ ಸಂಘಗಳಿಗೆ, ಸಿ3 ನಡೆಯುತ್ತಿದ್ದ ಕಾಲದಲ್ಲೇ, ಕಂಪ್ಯೂಟರು ಬಂತು. ಮೊದಲು ಹಾಲು ಹಾಕಿದವರ ಸ್ಯಾಂಪಲ್ಲನ್ನು ಆಮೇಲೆ ಪರೀಕ್ಷಿಸಿ, ಪುಸ್ತಕದಲ್ಲಿ ಬರೆದು, ಹತ್ತು ದಿನಕ್ಕೊಮ್ಮೆ ದುಡ್ಡು ಕೊಡುತ್ತಿದ್ದರು. ಹೊಸ ವ್ಯವಸ್ಥೆಯಲ್ಲಿ ತೂಕ, ಫ್ಯಾಟು, ದುಡ್ಡು ಆಗಿಂದಾಗಲೇ ಗೊತ್ತಾಗತೊಡಗಿತು. ಅಹಮದಾಬಾದಿನ ಐಐಎಂನ ಸುಭಾಷ್ ಭಟ್ನಾಗರ್ ಇದರ ಬಗ್ಗೆ ಅಧ್ಯಯನ ಮಾಡಿದ್ದಾರೆ. ಯೂಸರ್ ಸ್ಟೋರಿ ಬಳಸಿ ಕಟ್ಟಿದ್ದಲ್ಲ ಅದು. ಆದರೂ ಅದನ್ನು ಅಚ್ಚಿಗೆ ಹಾಕಿದರೆ ಹೀಗಾಗುತ್ತದೆ: ‘ಡೇರಿಗೆ ಹಾಲು ಹಾಕುವವಳಾಗಿ, ಹಾಲು ಸುರಿದ ಕೂಡಲೇ ಫ್ಯಾಟೂ ದುಡ್ಡೂ ನನ್ನ ಕಣ್ಣಿಗೆ ಕಾಣಬೇಕು, ಮನೆಗೆ ಹೋಗುವ ಮುಂಚೆಯೇ ಲೆಕ್ಕ ತಾಳೆ ನೋಡಿಕೊಳ್ಳುವುದಕ್ಕೆ.’ ಕಾರ್ಡು ಮುಗಿಯಿತು, ಕೆಲಸ ಈಗ ಶುರು. ಓದು ಬಾರದವರಿಗೆ ಅಂಕಿ ಹೇಗೆ ತಿಳಿಸುವುದು? ಎಮ್ಮೆ ಹಾಲಿಗೆ ಬೇರೆ ದರವೇ? ಸಂಜೆ ಸರದಿ ನಿಂತಾಗಲೇ ಕರೆಂಟು ಹೋದರೆ? ಇವಕ್ಕೆ ಉತ್ತರ ಸಿಗುವುದು ಆ ಸರದಿಯಲ್ಲೇ ಹೊರತು ಕಾರ್ಡು ಅಂಟಿಸಿದ ಕಚೇರಿಯ ಗೋಡೆಯ ಮೇಲಲ್ಲ.

ಭಾರತದಲ್ಲಿ ತೊಡಕು ಬಂದದ್ದು ಹೀಗೆ ಬಳಸುವವರ ಬಳಿಯೇ ಹೋಗಿ ಕೇಳುವುದರಲ್ಲಿಯೇ. 2001ರಲ್ಲಿ ಥಾಟ್‌ವರ್ಕ್ಸ್ ಕಂಪನಿ ಬೆಂಗಳೂರಿನಲ್ಲಿ ಕಚೇರಿ ತೆರೆದು, ಬಳಸುವವರು ಅಮೆರಿಕದಲ್ಲಿದ್ದರೂ ಕಟ್ಟುವವರು ಇಲ್ಲಿದ್ದು ಅಜೈಲ್ ನಡೆಸುವ ಪ್ರಯೋಗಕ್ಕಿಳಿಯಿತು. ಅದರ ಅನುಭವವನ್ನು ಅದೇ ಕಂಪನಿಯ ಮಾರ್ಟಿನ್ ಫೌಲರ್ ಲೇಖನವಾಗಿ ಬರೆದಿದ್ದಾರೆ: ಎರಡೂ ಕಡೆಯವರು ಹೋಗಿ ಬಂದು ಇರಬೇಕು, ಅಗತ್ಯ ಅರ್ಥವಾಗಲು ಪರೀಕ್ಷೆಗಳನ್ನೇ ಬರೆದು ತೋರಿಸಬೇಕು ಎಂಬುದು ಅದರ ತಿರುಳಿನ ಭಾಗ. ಹೊರದೇಶದ ಕೆಲಸವನ್ನೇ ನೆಚ್ಚಿದ ಊರುಗಳಲ್ಲಿ ಈ ಮಾತಿಗೆ ಇಂದಿಗೂ ಬೆಲೆಯಿದೆ. ಬಳಸುವವರನ್ನು ಒಮ್ಮೆಯೂ ಕಾಣದ ತಂಡದ ಕೈಯಲ್ಲಿ ಅಚ್ಚಿನ ವಾಕ್ಯ ಹಳೆಯ ದಸ್ತಾವೇಜಿನ ಚೂರಾಗಿಬಿಡುತ್ತದೆ. ‘ಯೂಸರ್ ಆಗಿ ನನಗೆ ಲಾಗಿನ್ ಬೇಕು’ ಎಂಬ ಸಾಲಿನಲ್ಲಿ ಯಾವ ಮನುಷ್ಯನೂ ಇಲ್ಲ.

ಸ್ಟೋರಿ ಬರೆಯುವುದು ಅಜೈಲ್ ಚೌಕಟ್ಟುಗಳಲ್ಲೊಂದಾದ ಸ್ಕ್ರಮ್‌ನ ಕಡ್ಡಾಯ ನಿಯಮ ಎಂಬ ನಂಬಿಕೆ ವ್ಯಾಪಕವಾಗಿದೆ. ಅದು ತಪ್ಪು. ಕೆನ್ ಶ್ವಾಬರ್, ಜೆಫ್ ಸದರ್ಲೆಂಡ್ 2020ರಲ್ಲಿ ಪರಿಷ್ಕರಿಸಿದ ಸ್ಕ್ರಮ್ ಗೈಡ್‌ನಲ್ಲಿ ಬ್ಯಾಕ್‌ಲಾಗ್‌ನ, ಅಂದರೆ ಮಾಡಬೇಕಾದ ಕೆಲಸಗಳ ಪಟ್ಟಿಯ, ಪ್ರಸ್ತಾಪವಿದೆ, ಯೂಸರ್ ಸ್ಟೋರಿಯ ಹೆಸರೇ ಇಲ್ಲ.