ಮೂವತ್ತು ಅಂಕಗಳ ಪರೀಕ್ಷೆ

ಕಳೆದ ವರ್ಷ ನಮ್ಮ ತಾಯಿಯವರನ್ನು ಇಲ್ಲೇ ದೆಹಲಿಯ ಆಸ್ಪತ್ರೆಯೊಂದಕ್ಕೆ ಕರೆದೊಯ್ದಿದ್ದೆವು. ಇಟ್ಟ ವಸ್ತು ಎಲ್ಲೆಂದು ಮರೆಯುತ್ತಿದ್ದರು. ಇಂದು ತಾರೀಖೆಷ್ಟು, ನೂರರಿಂದ ಏಳೇಳು ಕಳೆಯಿರಿ, ಒಂದು ವಾಕ್ಯ ಬರೆಯಿರಿ ಎಂದೆಲ್ಲ ಹಿಂದಿಯಲ್ಲಿ ಕೇಳಿದರು. ಶಾಲೆಯ ಮೆಟ್ಟಿಲು ಹತ್ತದ ಅಮ್ಮನಿಗೆ ತಾರೀಖು ತಿಳಿಯದು; ಅಂದು ಏಕಾದಶಿ ಎಂಬುದು ಚೆನ್ನಾಗಿ ಗೊತ್ತಿತ್ತು. ಏಕಾದಶಿಗೆ ಅಂಕವಿಲ್ಲ! ಮೂವತ್ತಕ್ಕೆ ಹತ್ತೊಂಬತ್ತು ಬಂತು. 'ಬುದ್ಧಿ ಕುಂದಿರುವ ಶಂಕೆ' ಎಂದು ಬರೆದುಕೊಟ್ಟರು. ಆ ಚೀಟಿ ಹಿಡಿದು ಮನೆಗೆ ಬಂದ ನಾವು ಈ ಪರೀಕ್ಷೆಯ ಪೂರ್ವೋತ್ತರ ಹುಡುಕತೊಡಗಿದೆವು.

ಇದನ್ನು ೧೯೭೫ರಲ್ಲಿ ಪ್ರಕಟಿಸಿದವರು ಅಮೆರಿಕದ ಮಾರ್ಷಲ್ ಫೋಲ್‌ಸ್ಟೀನ್, ಸೂಸನ್ ಫೋಲ್‌ಸ್ಟೀನ್ ಮತ್ತು ಪಾಲ್ ಮೆಕ್‌ಹ್ಯೂ. ರೋಗಿಯ ಹಾಸಿಗೆಯ ಪಕ್ಕದಲ್ಲೇ ಹತ್ತು ನಿಮಿಷದೊಳಗೆ ಮುಗಿಯುವ ಸರಳ ಪರೀಕ್ಷೆ. ೨೩ ಅಥವಾ ಅದಕ್ಕೂ ಕಡಿಮೆ ಬಂದರೆ ಸಂಶಯಪಡಬೇಕೆಂಬುದು ರೂಢಿಯಾಯಿತು. ಆದರೆ ೧೯೮೨ರಲ್ಲೇ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಇದರ ಮಿತಿ ಬಯಲಾಯಿತು. ಬುದ್ಧಿ ಸ್ಥಿಮಿತದಲ್ಲಿದ್ದೂ ಪರೀಕ್ಷೆಯಲ್ಲಿ ಸೋತವರೆಲ್ಲರೂ ಒಂಬತ್ತು ವರ್ಷಕ್ಕಿಂತ ಕಡಿಮೆ ಓದಿದವರು! ಆ ವರದಿಯ ಲೇಖಕರಲ್ಲಿ ಫೋಲ್‌ಸ್ಟೀನರೂ ಒಬ್ಬರೆಂಬುದು ಮೆಚ್ಚತಕ್ಕ ಮಾತು.

ಮುಂದೆ ೧೯೯೩ರಲ್ಲಿ ರೋಸಾ ಕ್ರಮ್ ಮತ್ತು ಸಂಗಡಿಗರು ೧೮,೦೫೬ ಜನರ ಅಂಕಗಳನ್ನು ವಯಸ್ಸು, ಓದು ಎರಡರ ಮೇಲೂ ವಿಂಗಡಿಸಿದರು. ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಬರುವವರ ಅಂಕ, ಒಂಬತ್ತು ವರ್ಷವಾದರೂ ಓದಿದವರಲ್ಲಿ ೨೯. ಐದರಿಂದ ಎಂಟು ವರ್ಷ ಓದಿದವರಲ್ಲಿ ೨೬. ನಾಲ್ಕು ವರ್ಷದೊಳಗೆ ಓದು ನಿಲ್ಲಿಸಿದವರಲ್ಲಿ ೨೨. ಅಂದರೆ ಹಳೆಯ ಗೆರೆ ಎಳೆದರೆ ಈ ಕೊನೆಯ ಗುಂಪಿನಲ್ಲಿ ಅರ್ಧಕ್ಕೂ ಹೆಚ್ಚು ಜನ ಸಂಶಯಾಸ್ಪದರೇ! ವಯಸ್ಸಿನದೂ ಹೀಗೆಯೇ: ಹದಿನೆಂಟರಿಂದ ಇಪ್ಪತ್ತನಾಲ್ಕರವರಿಗೆ ೨೯, ಎಂಬತ್ತು ದಾಟಿದವರಿಗೆ ೨೫. ಇಲ್ಲೊಂದು ತೊಡಕುಂಟು. ಮುದುಕರಲ್ಲಿ ರೋಗವೇ ಹೆಚ್ಚು; ಅವರಿಗೆಂದು ಗೆರೆಯನ್ನು ತೀರ ತಗ್ಗಿಸಿದರೆ ನಿಜವಾದ ರೋಗಿಯೂ ನುಸುಳಿಬಿಡಬಹುದು. ಓದಿನ ರಿಯಾಯಿತಿಯಷ್ಟು ನಿಶ್ಚಿಂತೆಯಿಂದ ವಯಸ್ಸಿನ ರಿಯಾಯಿತಿ ಕೊಡಲಾಗದೆಂದು ನಮಗನಿಸುತ್ತದೆ.

ನಮ್ಮ ದೇಶದ ಮಾತೇ ಬೇರೆ. ೧೯೬೧ರ ಜನಗಣತಿಯಲ್ಲಿ ಅಕ್ಷರ ಬಲ್ಲ ಹೆಂಗಸರು ನೂರಕ್ಕೆ ಸುಮಾರು ೧೫. ಅಮ್ಮ ಆಗ ಬಾಲಕಿ. ಇಂಥವರಿಗೆ ಅಂಕ ತಗ್ಗಿಸಿದರಷ್ಟೇ ಸಾಲದು, ಪ್ರಶ್ನೆಯನ್ನೇ ಬದಲಿಸಬೇಕು. ಆ ಕೆಲಸ ನಡೆದದ್ದು ದೆಹಲಿಯ ಸೆರಗಿನಲ್ಲೇ, ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ. ಮೇರಿ ಗಂಗೂಲಿ ಮತ್ತು ಸಂಗಡಿಗರು ೧೯೯೫ರಲ್ಲಿ ಅದರ ಹಿಂದಿ ರೂಪ ಪ್ರಕಟಿಸಿದರು. ಗಡಿಯಾರದ ಗೊಡವೆಯಿಲ್ಲ, ಬೆಳಗೋ, ಮಧ್ಯಾಹ್ನವೋ, ಸಂಜೆಯೋ ಹೇಳಿದರೆ ಸಾಕು. 'ಕಣ್ಣು ಮುಚ್ಚಿ' ಎಂಬ ಬರಹ ಓದಿಸುವ ಬದಲು ಪರೀಕ್ಷಕರೇ ಕಣ್ಣು ಮುಚ್ಚಿ ತೋರಿಸಿ, ನಾನು ಮಾಡಿದಂತೆ ಮಾಡಿ ಎನ್ನುತ್ತಾರೆ. ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐದು ಭಾಷೆಗಳಲ್ಲಿ ಇಂಥ ಪರೀಕ್ಷೆಗಳನ್ನು ಸಿದ್ಧಪಡಿಸಿತು, ಕನ್ನಡವೂ ಅವುಗಳಲ್ಲೊಂದು.

ದಸರೆಗೆ ಊರಿಗೆ ಹೋದಾಗ ಅಮ್ಮನನ್ನು ಇನ್ನೊಬ್ಬ ವೈದ್ಯರಿಗೆ ತೋರಿಸಿದೆವು. ಅವರು ಮೊದಲು ಕೇಳಿದ್ದು, "ಎಷ್ಟು ಓದಿದ್ದೀರಮ್ಮಾ?" ಎಂದು. ನಂತರ ಎಲ್ಲವನ್ನೂ ಕನ್ನಡದಲ್ಲೇ ಕೇಳಿದರು. ಮರೆವು ಸ್ವಲ್ಪ ಇದೆ, ರೋಗವೆನ್ನುವಂಥದ್ದಿಲ್ಲ, ಆರು ತಿಂಗಳು ಬಿಟ್ಟು ಮತ್ತೆ ಕರೆತನ್ನಿ ಎಂದರು.