ಹೊಳೆಯುವ ಮೆಟ್ಟು

ಕಳೆದ ವರ್ಷ ನಮ್ಮೂರು ಹಂಗಳದಲ್ಲಿ ನನ್ನ ತಮ್ಮನ ಮಗಳ ಮದುವೆ ನಡೆಯಿತು. ಗುಂಡ್ಲುಪೇಟೆಯಿಂದ ಊಟಿಗೆ ಹೋಗುವ ಹೆದ್ದಾರಿಯಲ್ಲಿ, ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ದಾರಿ ಒಡೆಯುವ ಊರು ಅದು. ಚಪ್ಪರದ ಹೊರಗೆ ನೂರಾರು ಜೊತೆ ಚಪ್ಪಲಿಗಳು ಧೂಳಿನಲ್ಲಿ ಬಿದ್ದಿದ್ದವು. ಅವುಗಳ ನಡುವೆ ಒಂದು ಜೊತೆ ಮಾತ್ರ ಎಳೆಬಿಸಿಲನ್ನು ಹಿಡಿದು ಮಿನುಗುತ್ತಿತ್ತು. ನಾಲ್ಕು ಬೆರಳೆತ್ತರದ ಹಿಮ್ಮಡಿ. ಪಟ್ಟಿಯ ತುಂಬ ಜರಿಯ ಕಸೂತಿ. ಒಂದೊಂದು ಹೂವಿನ ನಡುವೆಯೂ ಸಾಸಿವೆಗಾತ್ರದ ಗಾಜಿನ ಹರಳು. ಮದುವಣಗಿತ್ತಿ ಹಸೆಗೆ ಏರುವ ಮುನ್ನ ಬಿಟ್ಟುಹೋದ ಜೋಡದು. ನಾನು ಕುಳಿತು ಅದನ್ನೇ ನೋಡುತ್ತಿದ್ದೆ. ಮಧ್ಯಾಹ್ನ ಅವಳು ಅದನ್ನು ಮೆಟ್ಟಿಕೊಳ್ಳಲು ಬಂದವಳು ನಕ್ಕು, "ದೊಡ್ಡಪ್ಪ, ಚಪ್ಪಲಿಗೂ ವ್ಯಾಕರಣ ಹೇಳ್ತೀರಾ?" ಎಂದಳು.

ಹೇಳಬಹುದಾದ ವ್ಯಾಕರಣ ಉಂಟು. ಮೆಟ್ಟುವುದರಿಂದ ಅದು ಮೆಟ್ಟು, ಜೊತೆಯಾಗಿರುವುದರಿಂದ ಜೋಡು. ಹಳಗನ್ನಡದ ಕೆರ್ಪು ನಮ್ಮ ಹಳ್ಳಿಯ ಬಾಯಲ್ಲಿ ಕೆರವಾಗಿ ಉಳಿದಿದೆ. ತಮಿಳಿನ ಚೆರುಪ್ಪು ಅದರ ಒಡಹುಟ್ಟು. ಸಂಸ್ಕೃತದ ಪಾದುಕೆ ಕನ್ನಡಕ್ಕೆ ಬಂದು ಹಾವುಗೆಯಾಯಿತು. ತೊಗಲಿನ ಹಾವುಗೆ ಚಮ್ಮಾವುಗೆಯಾಯಿತು. ಆದರೆ ಈ ಮಾತುಗಳೆಲ್ಲ ಒಂದೇ ಪಂಕ್ತಿಯಲ್ಲಿ ಕುಳಿತಿಲ್ಲವೆಂಬುದನ್ನು ಗಮನಿಸಬೇಕು. ಪಾದುಕೆ ಎಂದರೆ ಕೈಮುಗಿಯುತ್ತೇವೆ. ಕೆರ ಎಂದರೆ ಅದು ಬೈಗುಳ. ವಸ್ತು ಒಂದೇ. ಒಂದರಲ್ಲಿ ತೊಟ್ಟವನ ನೆನಪಿದೆ, ಇನ್ನೊಂದರಲ್ಲಿ ಹೊಲಿದವನ ನೆನಪಿದೆ. ಪಾದರಕ್ಷೆಯ ಚರಿತ್ರೆಯೆಂದರೆ ಬಹುಮಟ್ಟಿಗೆ ಈ ಎರಡು ಮಾತುಗಳ ನಡುವಣ ಅಂತರದ ಚರಿತ್ರೆ.

ಎತ್ತರದ ಹಿಮ್ಮಡಿ ಇಂದಿನ ಹೆಣ್ಣುಮಕ್ಕಳ ಷೋಕಿಯೆಂದು ಹಿರಿಯರು ಮೂಗು ಮುರಿಯುವುದುಂಟು. ಚರಿತ್ರೆ ಬೇರೆಯ ಮಾತನ್ನೇ ಹೇಳುತ್ತದೆ. ಪರ್ಷಿಯದ ಕುದುರೆಸವಾರರು ರಿಕಾಪಿನಲ್ಲಿ ಕಾಲು ಜಾರದಿರಲೆಂದು ಹಿಮ್ಮಡಿಯ ಜೋಡು ತೊಡುತ್ತಿದ್ದರು. ಹದಿನೇಳನೆಯ ಶತಮಾನದಲ್ಲಿ ಯೂರೋಪಿನ ಶ್ರೀಮಂತರು ಅದನ್ನು ಅನುಕರಿಸಿದರು, ಮೊದಲು ಗಂಡಸರೇ. ಫ್ರಾನ್ಸಿನ ಹದಿನಾಲ್ಕನೆಯ ಲೂಯಿ ದೊರೆಯ ಆಸ್ಥಾನದಲ್ಲಿ ಕೆಂಪು ಹಿಮ್ಮಡಿ ರಾಜಾನುಗ್ರಹದ ಗುರುತಾಗಿತ್ತು. ಇಂದಿನ ಕಡ್ಡಿಯಂಥ ಹಿಮ್ಮಡಿ ಬಂದದ್ದು 1950ರ ದಶಕದಲ್ಲಿ, ಒಳಗೆ ಉಕ್ಕಿನ ಸಲಾಕೆ ಕೂರಿಸುವುದನ್ನು ಕಲಿತ ಮೇಲೆ. ನಮ್ಮ ಕಡೆಯ ಶಿಲ್ಪಿಗಳಿಗೂ ಈ ಬಗೆಯ ಚೆಲುವು ಕಾಣದೆ ಇರಲಿಲ್ಲ. ತೆಲಂಗಾಣದ ಪಾಲಂಪೇಟೆಯಲ್ಲಿ ಕಾಕತೀಯರ ಕಾಲದ, 1213ರ ರಾಮಪ್ಪ ದೇವಾಲಯವಿದೆ. ಅಲ್ಲಿಯ ಒಬ್ಬ ಮದನಿಕೆಯ ಕಾಲಿನಲ್ಲಿ ಎತ್ತರದ ಮೆಟ್ಟನ್ನು ಕರಿಯ ಕಲ್ಲಿನಲ್ಲಿ ಕಡೆದಿದ್ದಾರೆ.

ಇನ್ನು ಹರಳಿನ ಮೆರುಗು. ಕೆನಡಾದ ಟೊರಾಂಟೊ ನಗರದಲ್ಲಿ ಬಾಟಾ ಮನೆತನದವರು ಕಟ್ಟಿದ ಪಾದರಕ್ಷೆಗಳ ಸಂಗ್ರಹಾಲಯವಿದೆ. ಹೈದರಾಬಾದಿನ ನಿಜಾಮ ಸಿಕಂದರ್ ಜಾಹನದೆಂದು ಹೇಳುವ, ಬಂಗಾರದ ಎಳೆಯಲ್ಲಿ ರತ್ನಗಳನ್ನು ಕೂರಿಸಿದ ಒಂದು ಜೋಡು ಅಲ್ಲಿದೆ. 2006ರಲ್ಲಿ ಅದು ಕಳುವಾಗಿ, ಮತ್ತೆ ದೊರೆತು, ಲೋಕಕ್ಕೆಲ್ಲ ಸುದ್ದಿಯಾಯಿತು. ಆ ನಿಜಾಮ 1803ರಿಂದ 1829ರವರೆಗೆ ಆಳಿದವನು. ಬೀದರಿನ ಸೀಮೆ, ಅದರೊಡನೆ ಬಸವಕಲ್ಯಾಣ, ನಿಜಾಮರ ಆಳ್ವಿಕೆಗೆ ಸೇರಿತ್ತು. ನಿಜಾಮನಿಗಿಂತ ಆರು ನೂರು ವರ್ಷ ಹಿಂದೆ ಅದೇ ಕಲ್ಯಾಣದಲ್ಲಿ ಹೊಲಿದ ಇನ್ನೊಂದು ಜೋಡಿನ ಕಥೆ ನಿಮಗೆಲ್ಲ ಗೊತ್ತು.

ಚಮ್ಮಾರ ವೃತ್ತಿಯ ಹರಳಯ್ಯನು ಬಸವಣ್ಣನಿಗೆ 'ಶರಣು' ಎಂದನಂತೆ. ಬಸವಣ್ಣನು 'ಶರಣು ಶರಣಾರ್ಥಿ' ಎಂದು ಇಮ್ಮಡಿಯಾಗಿ ಮರಳಿಸಿದನಂತೆ. ಆ ಒಂದು ಹೆಚ್ಚಿನ ಶರಣಿನ ಭಾರವನ್ನು ತಾಳಲಾರದೆ ಹರಳಯ್ಯನೂ ಅವನ ಮಡದಿ ಕಲ್ಯಾಣಮ್ಮನೂ ತಮ್ಮ ತೊಡೆಯ ತೊಗಲನ್ನು ತೆಗೆದು ಚಮ್ಮಾವುಗೆ ಮಾಡಿದರೆಂದೂ, ಬಸವಣ್ಣನು ಅದನ್ನು ಕಾಲಿಗೆ ಮೆಟ್ಟದೆ ತಲೆಯ ಮೇಲೆ ಇರಿಸಿಕೊಂಡನೆಂದೂ ಪರಂಪರೆ ಹೇಳುತ್ತದೆ. ಆ ಮೇಲೆ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಗಿ, ಬೀಗರಿಬ್ಬರೂ ಎಳೆಹೂಟೆಯ ಶಿಕ್ಷೆಗೆ ಒಳಗಾದರು. ಹೊಲಿದವನ ಹೆಸರು ತೊಟ್ಟವನ ಹೆಸರಿನ ಜೊತೆಗೆ ಉಳಿದುಬಂದ ಜೋಡುಗಳು ಲೋಕದಲ್ಲಿ ಎಷ್ಟಿದ್ದಾವು?

ಹರಳಯ್ಯನು ಕಲ್ಯಾಣದಲ್ಲಿಯೇ ನಿಂತುಬಿಡಲಿಲ್ಲ. ನಮ್ಮ ಕಡೆಗೂ ಬಂದನು. ಚಾಮರಾಜನಗರ ಸೀಮೆಯ ದೇವರಗುಡ್ಡರೂ ಕಂಸಾಳೆಯವರೂ ಹಾಡುವ ಮಲೆ ಮಾದೇಶ್ವರನ ಕಥೆಯಲ್ಲಿ ಹರಳಯ್ಯನು ಮತ್ತೆ ಕಾಣಿಸಿಕೊಳ್ಳುತ್ತಾನೆ. ದೇವತೆಗಳನ್ನೇ ಸೆರೆಯಲ್ಲಿಟ್ಟ ಬಂಕಾಪುರಿಯ ಶ್ರವಣದೊರೆಯನ್ನು ಅಳಿಸಬೇಕಾದಾಗ ಮಾದಪ್ಪನು ಕತ್ತಿಯನ್ನು ಹುಡುಕುವುದಿಲ್ಲ. ಹರಳಯ್ಯನಿಂದ ಅರಗಿನ ಮೆಟ್ಟುಗಳನ್ನು ಮಾಡಿಸುತ್ತಾನೆ. ಅರಗು ಹೊಳೆಯುವ ವಸ್ತು. ದೊರೆ ಅದನ್ನು ಮೆಟ್ಟುತ್ತಾನೆ. ಬಿಸಿ ತಾಗಿ ಅರಗು ಕರಗುತ್ತದೆ. ಅವನ ಗರ್ವವೂ ಅಲ್ಲಿಗೆ ಮುಗಿಯುತ್ತದೆ. ನಾನು ಬಾಲ್ಯದಲ್ಲಿ ರಾತ್ರಿಯೆಲ್ಲ ಕುಳಿತು ಈ ಕಥೆ ಕೇಳಿದ್ದೇನೆ. ಬೆಳಗಾದ ಮೇಲೆ ಅದನ್ನು ನೆನಪಿನಲ್ಲಿ ಇರಿಸಿಕೊಳ್ಳಲಿಲ್ಲವೆಂಬುದನ್ನು ಈಗ ಒಪ್ಪಿಕೊಳ್ಳಬೇಕು.

ನನಗೆ ಏಳೆಂಟು ವರ್ಷವಿದ್ದಾಗ ನಮ್ಮ ತಂದೆಯವರು ನನಗೊಂದು ಜೊತೆ ಮೆಟ್ಟು ಹೊಲಿಸಿದರು. ಹೊಲಿಯುವಾತ ಕೇರಿಯಿಂದ ಬಂದು ಜಗಲಿಯ ಕೆಳಗೆ ನಿಂತ. ನನ್ನ ಕಾಲನ್ನು ಮುಟ್ಟುವಂತಿರಲಿಲ್ಲ. "ಚಿಕ್ಕಬುದ್ಧಿಯೋರು ಮಣ್ಣಿನ ಮೇಲೆ ಹೆಜ್ಜೆ ಊರಲಿ" ಎಂದ. ನಾನು ಊರಿದ ಹೆಜ್ಜೆಯ ಗುರುತನ್ನು ಒಂದು ಹುಲ್ಲುಕಡ್ಡಿಯಿಂದ ಅಳೆದು, ಕಡ್ಡಿ ಮುರಿದು, ತಲೆವಸ್ತ್ರದಲ್ಲಿ ಸಿಕ್ಕಿಸಿಕೊಂಡು ಹೋದ. ತಂಗಡಿಯ ತೊಗಟೆಯಿಂದ ಹದಮಾಡಿದ ತೊಗಲು. ಉಂಗುಟದ ಬಳಿ ಕೆಂಪು ಕುಚ್ಚು. ಪಟ್ಟಿಯ ಮೇಲೆ ಸಾಲಾಗಿ ಹೊಳೆಯುವ ಹಿತ್ತಾಳೆ ಮೊಳೆಗಳು. ನಡೆದರೆ ಜೀರ್ ಜೀರ್ ಎನ್ನುತ್ತಿತ್ತು. ಅಷ್ಟು ಚೆಂದದ ಮೆಟ್ಟನ್ನು ನಾನು ಆ ಮೇಲೆ ತೊಡಲಿಲ್ಲ. ಅದನ್ನು ತಂದುಕೊಟ್ಟವನು ಮಾತ್ರ ಬರಿಗಾಲಿನಲ್ಲಿ ಬಂದಿದ್ದ, ಬರಿಗಾಲಿನಲ್ಲಿಯೇ ಹಿಂದಿರುಗಿದ. ಮೇಲಿನ ಬೀದಿಯಲ್ಲಿ ಅವನು ಮೆಟ್ಟು ಮೆಟ್ಟಿ ನಡೆಯುವಂತಿರಲಿಲ್ಲ. ಅವನ ಹೆಸರನ್ನು ನಾನು ಕೇಳಲೇ ಇಲ್ಲ. ನಿಜಾಮನ ಹೆಸರು ಗೊತ್ತಿರುವ ನನಗೆ ನನ್ನ ಮೊದಲ ಮೆಟ್ಟು ಹೊಲಿದವನ ಹೆಸರು ಗೊತ್ತಿರಲಿಲ್ಲ.

ಇದು ಕಳೆದ ಕಾಲದ ಮಾತೆಂದು ತಳ್ಳಿಹಾಕುವಂತಿಲ್ಲ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಹೆಸರು ಮಹಾರಾಷ್ಟ್ರದ ಊರಿನದಾದರೂ ಅದು ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳ ಕುಶಲಿಗಳದೂ ಹೌದು. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಸಂಸ್ಥೆಯವರು ಮಿಲಾನಿನ ಪ್ರದರ್ಶನದಲ್ಲಿ ಅದನ್ನೇ ಹೋಲುವ ಚಪ್ಪಲಿಗಳನ್ನು ತೊಡಿಸಿ ನಡೆಸಿದರು; ಕೊಲ್ಹಾಪುರಿಯ ಹೆಸರನ್ನು ಹೇಳಲಿಲ್ಲ. ನಮ್ಮವರು ಆಕ್ಷೇಪಿಸಿದ ಮೇಲೆ ಮೂಲವನ್ನು ಒಪ್ಪಿಕೊಂಡರು. ಅದೇ ವರ್ಷದ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಚರ್ಮೋದ್ಯಮ ನಿಗಮದೊಡನೆಯೂ ನಮ್ಮ ರಾಜ್ಯದ ಲಿಡ್ಕರ್ ಸಂಸ್ಥೆಯೊಡನೆಯೂ ಒಪ್ಪಂದವಾಯಿತು. ಒಳ್ಳೆಯದೇ ಆಯಿತು. ಆದರೆ ಪರದೇಶದವರನ್ನು ಕೇಳುವ ಈ ಪ್ರಶ್ನೆಯನ್ನು ನಮ್ಮ ಜಗಲಿಯ ಮೇಲೆ ಕುಳಿತವರಿಗೂ ಕೇಳಬೇಕಲ್ಲವೆ?

ಆ ಮಧ್ಯಾಹ್ನ ಹುಡುಗಿಯ ಜೋಡನ್ನು ಮಗುಚಿ ನೋಡಿದೆ. ಅಡಿಯಲ್ಲಿ ಅಳತೆಯ ಅಂಕಿ ಇತ್ತು, ಅಂಗಡಿಯ ಮುದ್ರೆ ಇತ್ತು. ಅಷ್ಟೊಂದು ಹರಳುಗಳನ್ನು ಒಂದೊಂದಾಗಿ ಕೂರಿಸಿದ ಬೆರಳುಗಳ ಗುರುತು ಮಾತ್ರ ಎಲ್ಲಿಯೂ ಇರಲಿಲ್ಲ. "ಇದನ್ನು ಬೀರುವಿನಲ್ಲಿ ಇಡಬೇಡಮ್ಮ, ತೊಟ್ಟು ನಡೆ" ಎಂದು ಅವಳಿಗೆ ಹೇಳಿದೆ. ಮರುದಿನ ಬೆಳಗ್ಗೆ ನಾನು ಕೇರಿಗೆ ಹೋದೆ. ನನ್ನ ಮೆಟ್ಟು ಹೊಲಿದಾತನ ಮೊಮ್ಮಗ ಈಗ ಶಾಲೆಯ ಉಪಾಧ್ಯಾಯರು. ಕುರ್ಚಿ ಹಾಕಿ ಕೂರಿಸಿದರು. ಅಜ್ಜನ ಹೆಸರನ್ನು ಹೇಳಿದರು. ಅದನ್ನು ಆಕಾಶವಾಣಿಯಲ್ಲಿ ಹೇಳಬಹುದೇ ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಹೀಗೆಂದರು: "ಹೆಸರು ನಮ್ಮ ಮನೆಯಲ್ಲಿರಲಿ ಸಾರ್. ನೀವು ಆ ಹುಲ್ಲುಕಡ್ಡಿ ವಿಷಯ ಹೇಳಿ."

ಆದ್ದರಿಂದ ಅದನ್ನು ಹೇಳಿದ್ದೇನೆ.