ದಂಡೆಯಿಂದ ಮನೆಯವರೆಗೆ

ರಾಯಚೂರಿನ ಹೆಸರು ಬಂದೊಡನೆ ನಮ್ಮ ಚರಿತ್ರೆಯ ಪುಸ್ತಕಗಳು 1520ರ ಯುದ್ಧವನ್ನು ನೆನೆಯುತ್ತವೆ. ಕೃಷ್ಣೆ ತುಂಗಭದ್ರೆಗಳ ನಡುವಣ ಈ ನೆಲಕ್ಕಾಗಿ ಅರಸರು ಕಾದಾಡಿದ್ದು ನಿಜ. ಆದರೆ ಬದುಕು ಬೇಡವೆಂದು ಹೊರಟ ಜೀವವನ್ನು ಕೈಹಿಡಿದು ಮರಳಿ ಕರೆತಂದ ಇನ್ನೊಂದು ಚರಿತ್ರೆಯೂ ಈ ನೆಲಕ್ಕುಂಟು. ಅದನ್ನು ಜನರ ನೆನಪು ಕಾಪಾಡಿಕೊಂಡು ಬಂದಿದೆ.

ಮಾನ್ವಿ ತಾಲ್ಲೂಕಿನ ಚೀಕಲಪರ್ವಿಯಲ್ಲಿ 1682ರಲ್ಲಿ ಹುಟ್ಟಿದ ವಿಜಯದಾಸರು ಬಡತನದ ಬೇಗೆಯನ್ನು ಬಲ್ಲವರು. ಆಸರೆಯಿಲ್ಲದ ಹೆಂಗಸೊಬ್ಬಳು ನದಿಯ ಪಾಲಾಗಲು ಹೊರಟಾಗ ಅವರು ಆಕೆಯನ್ನು ತಡೆದರೆಂದು ದಾಸಪರಂಪರೆ ಹೇಳುತ್ತದೆ. ಉಪದೇಶ ಮಾಡಿ ಅವರು ತಮ್ಮ ದಾರಿ ಹಿಡಿಯಲಿಲ್ಲ. ಆಕೆಯನ್ನು ಮನೆಗೆ ಕರೆತಂದರು. ಆಕೆಯ ಮಗು ಅವರ ಆಶ್ರಯದಲ್ಲಿಯೇ ಬೆಳೆದು ಮೋಹನದಾಸರೆಂಬ ಹರಿದಾಸರಾದರು.

ಈ ಕಥೆಯನ್ನು ತರಗತಿಯಲ್ಲಿ ಹೇಳಿದಾಗಲೊಮ್ಮೆ ವಿದ್ಯಾರ್ಥಿನಿಯೊಬ್ಬಳು, "ಸರ್, ತಡೆಯೋದು ಒಂದು ಗಳಿಗೀ ಮಾತು. ಮರುದಿನ ಆಕಿ ಎಲ್ಲಿ ಹೋಗಬೇಕ್ರೀ?" ಎಂದು ಕೇಳಿದಳು. ಕಥೆಯ ತಿರುಳೆಲ್ಲ ಆ ಪ್ರಶ್ನೆಯಲ್ಲಿದೆ. ನದಿಯ ದಂಡೆಯಿಂದ ಮನೆಯವರೆಗಿನ ದಾರಿಯೇ ಹೆಚ್ಚು ದೂರದ್ದು.

ವಿಜಯದಾಸರ ಶಿಷ್ಯರಾದ ಗೋಪಾಲದಾಸರು ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನವರು. ರೋಗದಿಂದ ನರಳುತ್ತಿದ್ದ ಮಾನ್ವಿಯ ಜಗನ್ನಾಥದಾಸರಿಗೆ ಅವರು ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷಗಳನ್ನು ಧಾರೆಯೆರೆದರೆಂದು ಪ್ರತೀತಿ. ಪವಾಡವೆಂದು ನಂಬುವವರು ಹಾಗೆಯೇ ನಂಬಲಿ. ನೊಂದವರ ಬಳಿ ಕುಳಿತು ಅವರ ಮಾತು ಕೇಳುವ ಪ್ರತಿಯೊಬ್ಬನೂ ತನ್ನ ಆಯುಷ್ಯದ ಒಂದು ಪಾಲನ್ನು ಕೊಡುತ್ತಾನೆಂಬುದು ನಾನು ಕಂಡುಕೊಂಡ ಅರ್ಥ.

ನಮ್ಮ ಕಾನೂನಿಗೆ ಈ ಅರ್ಥ ಹೊಳೆಯಲು ಬಹುಕಾಲ ಹಿಡಿಯಿತು. 1860ರ ದಂಡಸಂಹಿತೆಯ 309ನೆಯ ಕಲಮು ಆತ್ಮಹತ್ಯೆಯ ಯತ್ನವನ್ನು ಸೆರೆವಾಸಕ್ಕೆ ಗುರಿಯಾಗುವ ಅಪರಾಧವೆಂದಿತು. ಸಾವಿನ ಬಾಗಿಲಿಂದ ಮರಳಿದವನಿಗೆ ಪೊಲೀಸರ ಭಯ, ಮನೆಯವರಿಗೆ ಮಾನದ ಭಯ. ಹೀಗಾಗಿ ಬಾಯಿಬಿಟ್ಟು ನೆರವು ಕೇಳುವುದೇ ಕಷ್ಟವಾಯಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಅಂಥವರನ್ನು ತೀವ್ರ ಒತ್ತಡಕ್ಕೆ ಸಿಲುಕಿದವರೆಂದು ಭಾವಿಸಿ, ಅವರ ಆರೈಕೆಯನ್ನೂ ಪುನರ್ವಸತಿಯನ್ನೂ ಸರಕಾರದ ಹೊಣೆಯಾಗಿಸಿತು. 2024ರ ಜುಲೈ 1ರಂದು ಜಾರಿಗೆ ಬಂದ ನ್ಯಾಯಸಂಹಿತೆ ಹಳೆಯ ಕಲಮನ್ನು ಹಾಗೆಯೇ ಉಳಿಸಿಕೊಳ್ಳಲಿಲ್ಲ.

ಆರೈಕೆಯ ದಾರಿಯನ್ನು ತೋರಿದ್ದು ನಮ್ಮ ನೆರೆಯ ಬಳ್ಳಾರಿ ಜಿಲ್ಲೆ. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಮಾನಸಿಕ ಕಾಯಿಲೆಗಳನ್ನು ಗುರುತಿಸಿ ಉಪಚರಿಸುವ ತರಬೇತಿ ನೀಡಿತು. ಆ ಪ್ರಯೋಗವೇ 1996ರ ರಾಷ್ಟ್ರೀಯ ಜಿಲ್ಲಾ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2022ರ ಅಕ್ಟೋಬರ್ 10ರಿಂದ 14416 ಸಂಖ್ಯೆಯ ಟೆಲಿ ಮಾನಸ್ ದೂರವಾಣಿಯೂ ಇದೆ. ಹಗಲಿರುಳೆನ್ನದೆ ಕನ್ನಡದಲ್ಲಿಯೇ, ಶುಲ್ಕವಿಲ್ಲದೆ ಮಾತನಾಡಬಹುದು.

ಆದರೆ ಆ ಸಂಖ್ಯೆಯನ್ನು ಒತ್ತಿಕೊಡಲು ಪಕ್ಕದಲ್ಲಿ ಒಬ್ಬರು ಬೇಕು. ಬೆಳೆ ಕೈಕೊಟ್ಟ ರೈತ, ಪರೀಕ್ಷೆಯಲ್ಲಿ ಸೋತ ಹುಡುಗ, ತವರಿಗೂ ಬೇಡವಾದ ಮಗಳು ಮೌನವಾದಾಗ, "ಸಾಯಬೇಕೆನಿಸಿದೆಯೇ?" ಎಂದು ನೇರವಾಗಿ ಕೇಳಲು ಅಂಜಬಾರದು. ಕೇಳಿದ ಮಾತ್ರಕ್ಕೆ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಒಳಗೆ ಕಟ್ಟಿಕೊಂಡ ಮಾತಿಗೆ ದಾರಿಯಾಗುತ್ತದೆ. ಬೈಯದೆ ಕೇಳಬೇಕು, ಒಬ್ಬರನ್ನೇ ಬಿಡಬಾರದು, ಹೊಲದ ಔಷಧಿಗೆ ಬೀಗ ಹಾಕಿ ಕೀಲಿಯನ್ನು ಬೇರೆಯವರಲ್ಲಿಡಬೇಕು, ವೈದ್ಯರ ಬಳಿಗೆ ಜೊತೆಯಲ್ಲಿ ಹೋಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮುಂದಿನ ವಾರವೂ ಅವರ ಮನೆಗೆ ಹೋಗಬೇಕು.